ಹಲ್ಲು ನೋಡಿ ಹೇಳಿದ ಪ್ರಾಯ

ನಾನು ಹಾಕಿದ ಷರತ್ತು ಒಂದೇ. ಮುದಿ ನಾಯಿ ಬೇಡ. ಕುಂಟು ಇರಲಿ, ಒಕ್ಕಣ್ಣಿರಲಿ, ಬಾಲ ಇಲ್ಲದಿರಲಿ, ನನಗೇನೂ ಇಲ್ಲ. ಆದರೆ ನನಗಿಂತ ಮೊದಲು ಸಾಯುವ ನಾಯಿಯನ್ನು ಈ ಮನೆಗೆ ತರಬೇಡ ಎಂದು ಅಕ್ಕನ ಮಗಳಿಗೆ ಬಾಯಿಬಿಟ್ಟು ಹೇಳಿದ್ದೆ.

ಇನ್ನಂಜೆಯಲ್ಲಿ ನಮ್ಮ ಹಿತ್ತಿಲಿನ ಮಣ್ಣು ಮೇಲೆ ಮಾತ್ರ ಮಣ್ಣು. ಒಂದು ಗೇಣು ಅಗೆದರೆ ಮುರಕಲ್ಲು. ಹಿಂದಿನ ನಾಯಿ ಸತ್ತಾಗ ಹೊಂಡ ತೆಗೆದವಳು ನಾನೇ. ಬೆಳಿಗ್ಗೆ ಪಿಕ್ಕಾಸು ಹಿಡಿದವಳಿಗೆ ಮಧ್ಯಾಹ್ನದ ಗಂಜಿಯ ಹೊತ್ತಾದರೂ ನಾಯಿ ಹಿಡಿಸುವಷ್ಟು ಆಳ ಸಿಗಲಿಲ್ಲ. ಆಗ ಹಿಡಿದ ಸೊಂಟ ಆ ಮಳೆಗಾಲವಿಡೀ ಬಿಡಲಿಲ್ಲ. ನೋವು ಸೊಂಟದ್ದು ಮಾತ್ರ ಎಂದರೆ ಸುಳ್ಳಾಗುತ್ತದೆ. ಉಳಿದದ್ದನ್ನು ಬರೆಯುವುದಿಲ್ಲ.

ಮನೆಯಲ್ಲಿ ನಾನು ಮತ್ತು ನನ್ನ ಗಂಡನ ತಂಗಿ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನಾದಿನಿ ಮದುವೆಯಾಗಲಿಲ್ಲ. ಬೆಳಗಾದರೆ ಇಬ್ಬರೂ ಮಲ್ಲಿಗೆ ಮೊಗ್ಗು ಕೊಯ್ಯುತ್ತೇವೆ, ಜಗಲಿಯಲ್ಲಿ ಕೂತು ಬಾಳೆ ನಾರಿನಲ್ಲಿ ಕಟ್ಟುತ್ತೇವೆ, ಬಿಸಿಲೇರುವುದರೊಳಗೆ ಚೆಂಡು ಮಾಡಿ ಹೂವಿನ ಕಟ್ಟೆಗೆ ಕಳಿಸುತ್ತೇವೆ. ಎರಡು ಬಾಯಿ, ನಾಲ್ಕು ಕೈ. ಮಾತಾಡಿ ಮಾತಾಡಿ ಮಾತು ಮುಗಿದಿದೆ. ಒಂದು ನಾಯಿ ಇದ್ದರೆ ಬೈಯಲಾದರೂ ಹೊಸ ಮುಖ ಸಿಗುತ್ತದೆ ಎಂದು ನಾದಿನಿಯೇ ಹೇಳಿದ್ದು.

ಅಕ್ಕ ಸತ್ತಾಗ ಅವಳ ಮಗಳು ಗೋಡೆ ಹಿಡಿದು ನಡೆಯುವ ಕೂಸು. ನಾನು ಸಾಕಿದೆ. ನನಗೆ ಮಕ್ಕಳಾಗಲಿಲ್ಲ, ಆದುದರಿಂದ ಸಾಕುವಾಗ ಅದು ಬೇರೆಯವರ ಮಗು ಎಂಬ ನೆನಪು ಬರಲಿಲ್ಲ. ಕಾರ್ಕಳಕ್ಕೆ ಮದುವೆ ಮಾಡಿ ಕೊಟ್ಟೆ. ಅವಳ ಗಂಡ ಕುವೈತಿನಲ್ಲಿ. ಅವಳು ಮಣಿಪಾಲದಲ್ಲಿ ಫ್ಲ್ಯಾಟ್ ಮಾಡಿಕೊಂಡು ಆಫೀಸಿಗೆ ಹೋಗುತ್ತಾಳೆ. ಕಾರ್ಕಳದ ಮನೆಯಲ್ಲಿ ಅವಳ ಅತ್ತೆ ಒಬ್ಬರೇ ಇದ್ದರು. ಕಳೆದ ವರ್ಷ ಈಸ್ಟರಿಗೆ ಮುಂಚೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದಿದ್ದೆ.

ಈಸ್ಟರ್ ಕಳೆದ ಮೇಲೆ ಅಕ್ಕನ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ನಾಯಿ ಕೂರಿಸಿಕೊಂಡು ಬಂದಳು. ಕುಚ್ಚಲಕ್ಕಿ ಗಂಜಿಯ ತಿಳಿಯ ಬಣ್ಣ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಕಾರಿನಿಂದ ಇಳಿದು ಅಂಗಳದ ಬದಿಗೆ ಹೋಗಿ ಮರ್ಯಾದೆಯಿಂದ ಉಚ್ಚೆ ಹೊಯ್ದು ಬಂದು ಮೆಟ್ಟಿಲ ಕೆಳಗೆ ಕೂತಿತು.

"ಎಲ್ಲಿ ಸಿಕ್ಕಿದ್ದು?" ಎಂದೆ.

"ಪಡುಬಿದ್ರಿಯಲ್ಲಿ ಮಾವ್ಶಿ. ಹೈವೇ ಬದಿಯಲ್ಲಿ ಮೀನಿನ ಲಾರಿ ನಿಲ್ತದಲ್ಲ, ಅಲ್ಲಿ. ಪಾಪ, ಯಾರೂ ಇಲ್ಲ ಅದಕ್ಕೆ." ಮಾವ್ಶಿ ಎಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಮ್ಮ.

"ಪ್ರಾಯ ಎಷ್ಟು?"

"ನೀವೇ ನೋಡಿ. ನಿಮಗೆ ಗೊತ್ತಾಗದ್ದು ನನಗೆ ಗೊತ್ತಾಗ್ತದಾ?"

ನನ್ನ ಅಪ್ಪನಿಗೆ ದನದ ಕಣ್ಣು ಇತ್ತು. ಅಂದರೆ, ದನ ನೋಡಿ ಹೇಳುವ ಕಣ್ಣು. ದನ ಕೊಳ್ಳಲು ಹೋಗುವಾಗ ನನ್ನನ್ನು ಕರೆದುಕೊಂಡು ಹೋಗಿ, ಬಾಯಿ ಬಿಡಿಸಿ ಹಲ್ಲು ತೋರಿಸುತ್ತಿದ್ದರು. ಶಾಲೆಯಲ್ಲಿ ನಾನು ಕಲಿತದ್ದು ಮೂರನೇ ಕ್ಲಾಸಿನವರೆಗೆ. ಹಲ್ಲು ಓದಲು ಅಪ್ಪ ಕಲಿಸಿದರು. ಆ ವಿದ್ಯೆಯನ್ನು ನಾನು ಈ ಹುಡುಗಿಗೂ ಕಲಿಸಿದ್ದೆ. ನಮ್ಮ ಹಟ್ಟಿಯಲ್ಲಿ ದನ ಇದ್ದ ಕಾಲದಲ್ಲಿ, ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು.

ನಾಯಿಯ ತುಟಿ ಎತ್ತಿ ನೋಡಿದೆ. ತೆಂಗಿನಕಾಯಿ ಹೋಳಿನಷ್ಟು ಬಿಳಿ ಹಲ್ಲು. ಕಲೆ ಇಲ್ಲ, ಹಳದಿ ಇಲ್ಲ.

"ಎರಡು ವರ್ಷ. ಹೆಚ್ಚೆಂದರೆ ಮೂರು," ಎಂದೆ.

"ನೋಡಿ, ನೀವೇ ಹೇಳಿದ್ರಿ," ಎಂದಳು ಅವಳು. ಹೇಳುವಾಗ ಮೊಬೈಲ್ ನೋಡುತ್ತಿದ್ದಳು.

ಹೆಸರು ಇಡುವ ಗೋಜಿಗೆ ನಾವು ಹೋಗಲಿಲ್ಲ. ಪೆಟೊ ಎಂದೆವು. ಕೊಂಕಣಿಯಲ್ಲಿ ನಾಯಿ ಎಂದರೆ ಅಷ್ಟೇ.

ಪ್ರಾಯ ನಾನು ಹೇಳಿಯಾಗಿತ್ತು. ಜಾತಿ ಹೇಳಲು ಊರೇ ಬಂತು. ಪಕ್ಕದ ಮನೆಯ ಶೆಡ್ತಿ ಬೇಲಿಯ ಆಚೆಯಿಂದಲೇ, "ಬಾಯಮ್ಮ, ಇದು ಕಾಟು ನಾಯಿ ಅಲ್ಲ, ಲ್ಯಾಬ್ ಕ್ರಾಸ್. ನನ್ನ ತಮ್ಮನ ಮನೆಯಲ್ಲಿ ಇದೇ ಬಣ್ಣದ್ದು ಉಂಟು," ಎಂದಳು. ನಮ್ಮಂಥ ಕ್ರಿಸ್ತಿ ಹೆಂಗಸರನ್ನು ಊರವರು ಬಾಯಮ್ಮ ಎಂದೇ ಕರೆಯುವುದು. ಸ್ಕೂಟರಿನಲ್ಲಿ ಮೀನು ತರುವ ಬ್ಯಾರಿ ಸಾಹೇಬರು ಒಪ್ಪಲಿಲ್ಲ. ಬಂಗುಡೆ ತೂಗುವುದನ್ನು ಬಿಟ್ಟು ನಾಯಿಯ ಸುತ್ತ ಒಂದು ಸುತ್ತು ಬಂದರು.

"ಇದರಲ್ಲಿ ಜರ್ಮನ್ ಉಂಟು ಬಾಯಮ್ಮ."

"ಎಲ್ಲಿ ಉಂಟು ಸಾಹೇಬ್ರೆ? ನನಗೆ ಕಾಣುವುದಿಲ್ಲ."

"ಆ ನೆಟ್ಟಗಿನ ಕಿವಿ ನೋಡಿ. ಅದು ಜರ್ಮನ್."

"ಮತ್ತೆ ಈ ಮಡಚಿದ ಕಿವಿ?"

"ಅದು ಪಡುಬಿದ್ರಿಯದ್ದು."

ಆದರೆ ಜಾತಿಯನ್ನು ತೀರ್ಮಾನ ಮಾಡಿದ್ದು ನನ್ನ ನಾದಿನಿ. ಬಂದ ದಿನ ಸಂಜೆ ಇಗರ್ಜಿಯ ಗಂಟೆ ಹೊಡೆಯಿತು. ನಮ್ಮ ಮನೆಯಲ್ಲಿ ದಿನಾ ಆ ಹೊತ್ತಿಗೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ನಾವಿಬ್ಬರೂ ದೇವರ ಪೀಠದ ಎದುರು ಮೊಣಕಾಲೂರಿದ್ದೇ ತಡ, ನಾಯಿ ಜಗಲಿಯಿಂದ ಎದ್ದು ಒಳಗೆ ಬಂತು. ನಮ್ಮ ಹಿಂದೆ ಪೀಠಕ್ಕೆ ಮುಖ ಮಾಡಿ, ಮುಂಗಾಲ ಮೇಲೆ ಗಲ್ಲ ಇಟ್ಟು ಮಲಗಿತು. ಅಷ್ಟುದ್ದದ ಪ್ರಾರ್ಥನೆ ಮುಗಿಯುವವರೆಗೆ ಕಿವಿ ಕೆರೆದುಕೊಳ್ಳಲಿಲ್ಲ. ಕೊನೆಗೆ ಕಿರಿಯರು ಹಿರಿಯರ ಹತ್ತಿರ ಬೆಸಾಂವ್ ಕೇಳಬೇಕು. ಬೆಸಾಂವ್ ಎಂದರೆ ಆಶೀರ್ವಾದ. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ, ಅದು ನಮ್ಮ ಕಟ್ಟು. ನಾದಿನಿ ನನ್ನ ಹತ್ತಿರ ಕೇಳಿದಳು, ಕೊಟ್ಟೆ. ಆಗ ನಾಯಿಯೂ ಎದ್ದು ಬಂದು ತಲೆಯನ್ನು ನನ್ನ ಕೈಯಡಿಗೆ ತೂರಿಸಿತು. ಆಮೇಲೆ ನಾದಿನಿಯ ಕೈಯಡಿಗೆ. ಆಮೇಲೆ ಪೀಠದ ಎಡಬದಿಯ ಮೂಲೆಗೆ ಹೋಯಿತು. ಅಲ್ಲಿ ಕೊಡೆ ಮತ್ತು ಗೆರಸೆ ಬಿಟ್ಟರೆ ಏನೂ ಇಲ್ಲ. ಅಲ್ಲಿ ಗಲ್ಲ ಎತ್ತಿ ಸ್ವಲ್ಪ ಹೊತ್ತು ನಿಂತು, ಹಿಂದೆ ಬಂತು.

ನಾದಿನಿ ನಕ್ಕು ನೆಲಕ್ಕೆ ಕೂತಳು. "ಜಾತಿ ಗೊತ್ತಾಯ್ತು ಅತ್ತಿಗೆ! ಲ್ಯಾಬೂ ಅಲ್ಲ, ಜರ್ಮನೂ ಅಲ್ಲ. ನಮ್ಮದೇ ಜಾತಿ. ಪಡುಬಿದ್ರಿಯಲ್ಲಿ ಯಾರೋ ಪಾದ್ರಿ ಜ್ಞಾನಸ್ನಾನ ಕೊಟ್ಟಿದ್ದಾರೆ."

ನಾನು ಅದನ್ನು ನಗುವಿಗೇ ಬಿಡಲಿಲ್ಲ. ಲೆಕ್ಕ ಹಾಕಿದೆ. ಮುದಿ ನಾಯಿ ಇಂಥದ್ದನ್ನು ಕಲಿಯುವುದಿಲ್ಲ. ಒಂದೇ ಸಂಜೆಯಲ್ಲಿ, ನಮ್ಮನ್ನು ನೋಡಿ ಕಲಿತದ್ದೆಂದರೆ ಎಳೆಯ ಬುದ್ಧಿ. ನಾನು ಹೇಳಿದ ಪ್ರಾಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಹೂವಿನ ಕಟ್ಟೆಯಲ್ಲಿ ಹೇಳಿದೆ, ಇಗರ್ಜಿಯ ಅಂಗಳದಲ್ಲಿ ಹೇಳಿದೆ. ಭಾನುವಾರದ ಪೂಜೆ ಮುಗಿಸಿ ಬರುವಾಗ ನಾಲ್ಕು ಜನ ನಮ್ಮ ಮನೆಗೆ ಬಂದು ನೋಡಿಯೂ ಹೋದರು. ಅಕ್ಕನ ಮಗಳಿಗೆ ಫೋನಿನಲ್ಲಿ ಹೇಳಿದೆ. "ಹೌದಾ ಮಾವ್ಶಿ? ಜಾಣ ಉಂಟಲ್ಲ," ಎಂದಳು.

ಮಳೆಗಾಲ ಬಂತು. ನಾಯಿ ಮೆಟ್ಟಿಲು ಹತ್ತುವಾಗ ಒಂದು ಕಾಲು ಎಳೆಯತೊಡಗಿತು. ಥಂಡಿಗೆ ಇರಬೇಕು ಎಂದು ಒಣಗಿದ ಗೋಣಿ ಹಾಕಿ ಮಲಗಿಸಿದೆ. ಕರೆದರೆ ಬರುವುದು ಕಡಿಮೆಯಾಯಿತು. ಹೂ ಕಟ್ಟುತ್ತಾ ಕೂತಲ್ಲಿಂದ ಕೂಗಿದರೆ ಅಂಗಳದಲ್ಲಿ ಬೆನ್ನು ಹಾಕಿ ಕೂತೇ ಇರುತ್ತಿತ್ತು. ಪ್ರಾಯದ ಸೊಕ್ಕು ಎಂದುಕೊಂಡೆ. ಎರಡು ವರ್ಷದ ಗಂಡು ನಾಯಿ ಹೇಳಿದ ಮಾತು ಕೇಳದಿದ್ದರೆ ಈಗಲೇ ಬಗ್ಗಿಸಬೇಕು. ಹಿಡಿಸೂಡಿಯಲ್ಲಿ ಬೆನ್ನಿಗೆ ಒಂದು ಕೊಟ್ಟೆ. ಅದು ತಿರುಗಿ ನನ್ನ ಮುಖ ನೋಡಿತು, ಬೊಗಳಲಿಲ್ಲ, ಓಡಲಿಲ್ಲ. ಯಾಕೆ ಹೊಡೆದೆ ಎಂದು ಅದಕ್ಕೆ ಗೊತ್ತಾಗಲಿಲ್ಲ. ಅದಕ್ಕೆ ಯಾಕೆ ತಿಳಿಯುತ್ತಿಲ್ಲ ಎಂದು ನನಗೂ ಗೊತ್ತಾಗಲಿಲ್ಲ.

ಮಳೆ ಬಿಡುವ ಹೊತ್ತಿಗೆ ಊಟ ಬಿಟ್ಟಿತು. ಕೆಮ್ಮು ಹಿಡಿಯಿತು. ಒಂದು ಶನಿವಾರ ಹೂವಿನ ಕೆಲಸ ಮುಗಿಸಿ ಆಟೋದಲ್ಲಿ ಕಾಪುವಿಗೆ ಹೋದೆ, ಪಶು ಆಸ್ಪತ್ರೆಗೆ. ಡಾಕ್ಟರು ಹೆಂಗಸು, ನನ್ನ ಅಕ್ಕನ ಮಗಳಷ್ಟೇ ಪ್ರಾಯದವರು.

"ಎಷ್ಟು ವರ್ಷದ್ದು ಅಮ್ಮ?"

"ಎರಡು ಮುಗಿದು ಮೂರು ನಡೆಯುತ್ತಾ ಉಂಟು."

ಅವರಿಗೆ ನಗು ಬಂತು. ನನ್ನ ಮುಖ ನೋಡಿ ನಿಲ್ಲಿಸಿದರು. "ಇಲ್ಲಮ್ಮ. ಹನ್ನೆರಡಕ್ಕೆ ಕಮ್ಮಿ ಇಲ್ಲ. ಜಾಸ್ತಿಯೇ ಇರ್ಬಹುದು."

"ಹಲ್ಲು ನೋಡಿ ನೀವು. ಬಿಳಿ ಉಂಟು."

"ಬಿಳಿ ಮಾಡಿಸಿದ್ದು," ಎಂದರು. ತುಟಿ ಎತ್ತಿ ನನಗೇ ತೋರಿಸಿದರು. ಒಸಡು ಹಿಂದೆ ಸರಿದು ಬೇರು ಕಾಣುತ್ತಿತ್ತು. ಹಿಂದೆ ಎರಡು ದವಡೆ ಹಲ್ಲು ಕಿತ್ತ ಜಾಗ ಇತ್ತು. ನಾನು ಮುಂದಿನ ಹಲ್ಲು ಮಾತ್ರ ನೋಡಿದ್ದೆ. ಅಪ್ಪ ಕಲಿಸಿದ್ದು ದನದ ಬಾಯಿ. ದನಕ್ಕೆ ಮುಂದಿನ ಹಲ್ಲು ನೋಡಿದರೆ ಸಾಕು.

"ಇದನ್ನು ಮದ್ದು ಕೊಟ್ಟು ಮಲಗಿಸಿ, ಮಿಶಿನಿನಲ್ಲಿ ಕ್ಲೀನ್ ಮಾಡಿದ್ದಾರೆ ಅಮ್ಮ. ಬಣ್ಣ ಬಿಳಿಯಲ್ವಾ, ಅದಕ್ಕೆ ಮೂತಿ ನರೆತದ್ದೂ ನಿಮಗೆ ಕಾಣ್ಲಿಲ್ಲ. ಕಿವಿ ಕೇಳುವುದಿಲ್ಲ ಇದಕ್ಕೆ. ತುಂಬ ಜೋರಾಗಿ, ಹತ್ತಿರದಿಂದ ಕರೆದರೆ ಮಾತ್ರ. ಹೃದಯ ದೊಡ್ಡದಾಗಿದೆ, ಕೆಮ್ಮು ಅದರದ್ದು. ಮಾತ್ರೆ ಕೊಡ್ತೇನೆ. ಎಲ್ಲಿ ಸಿಕ್ಕಿದ್ದು ಇದು?"

"ಪಡುಬಿದ್ರಿಯಲ್ಲಿ. ರಸ್ತೆಯಲ್ಲಿ."

ಅವರು ಮಾತ್ರೆಯ ಚೀಟಿ ಬರೆಯುತ್ತಾ, "ಬೀದಿ ನಾಯಿಗೆ ಯಾರು ಹಲ್ಲು ಕ್ಲೀನ್ ಮಾಡಿಸ್ತಾರೆ?" ಎಂದರು. ನನ್ನನ್ನು ಕೇಳಿದ್ದಲ್ಲ, ಹಾಗೇ ಹೇಳಿದ್ದು.

ಹೊರಗೆ ಬಂದು ಆಟೋದಲ್ಲಿ ಕೂತೆ. ಮುದಿ ದನ ಮಾರುವ ದಲ್ಲಾಳಿಗಳು ಅದರ ಕೊಂಬನ್ನು ಗಾಜಿನ ಚೂರಿನಿಂದ ಹೆರೆದು ಎಣ್ಣೆ ಹಚ್ಚುತ್ತಾರೆ. ಹೆರೆದರೆ ಕೊಂಬಿನ ಉಂಗುರ ಕಾಣುವುದಿಲ್ಲ, ಎಷ್ಟು ಕರು ಹಾಕಿದ್ದೆಂದು ತಿಳಿಯುವುದಿಲ್ಲ. ಅಪ್ಪ ಅಂಥವರನ್ನು ದೂರದಿಂದಲೇ ಗುರುತಿಸುತ್ತಿದ್ದರು. ಕೊಂಬು ಹೊಳೆದರೆ ಕೊಳ್ಳದೆ ತಿರುಗಿ ಬಾ ಎನ್ನುತ್ತಿದ್ದರು. ಅದನ್ನೂ ನಾನು ಆ ಹುಡುಗಿಗೆ ಕಥೆಯ ಹಾಗೆ ಹೇಳಿದ್ದೆ. ಅವಳು ಕೈ ತಟ್ಟಿ ನಕ್ಕಿದ್ದಳು.

ಆಮೇಲೆ ನಮ್ಮ ಮನೆಯ ಮೂಲೆ ನೆನಪಾಯಿತು. ದಿನಾ ಸಂಜೆ ಬೆಸಾಂವ್ ಕೇಳಿ ನಾಯಿ ಹೋಗಿ ನಿಲ್ಲುವ ಮೂಲೆ, ಪೀಠದ ಎಡಬದಿ. ಕಾರ್ಕಳದಲ್ಲಿ ಅವಳ ಅತ್ತೆಯ ಮಣ್ಣಿಗೆ ಹೋದಾಗ ಜನ ತುಂಬಿ ನನಗೆ ಕೂರಲು ಜಾಗ ಇರಲಿಲ್ಲ. ಪೀಠದ ಎಡಬದಿಯಲ್ಲಿ ಒಂದು ಒರಗು ಕುರ್ಚಿ ಖಾಲಿ ಇತ್ತು. ಕೂರಲು ಹೋದಾಗ ಯಾರೋ ತಡೆದರು, "ಅದು ಅವರು ತೇರ್ಸಿಗೆ ಕೂರುತ್ತಿದ್ದ ಕುರ್ಚಿ, ಬೇಡ," ಎಂದು. ಅಡುಗೆಮನೆಯ ಹಿಂದೆ ಕಟ್ಟಿಹಾಕಿದ ನಾಯಿಯೊಂದು ಪ್ರಾರ್ಥನೆ ಮುಗಿಯುವವರೆಗೆ ಬೊಗಳುತ್ತಿತ್ತು. ಬೊಗಳುವುದನ್ನು ಕೇಳಿದ್ದೆ, ನಾಯಿಯನ್ನು ನೋಡಿರಲಿಲ್ಲ.

ಒಂದೇ ಸಂಜೆಯಲ್ಲಿ ಕಲಿತದ್ದಂತೆ. ನಾನು ಊರಿಡೀ ಡಂಗುರ ಹೊಡೆದದ್ದು ಅದನ್ನೇ.

"ಮಣಿಪಾಲಕ್ಕೆ ಬಿಡು," ಎಂದೆ ಆಟೋದವನಿಗೆ.

"ಬಾಯಮ್ಮ, ಮಣಿಪಾಲವಾ? ಉಡುಪಿ ದಾಟಿ ಹೋಗ್ಬೇಕು."

"ಮಣಿಪಾಲ ಎಲ್ಲಿ ಉಂಟು ಎಂದು ನಾನು ಕೇಳಲಿಲ್ಲ."

ಫ್ಲ್ಯಾಟಿನ ವಾಚ್‌ಮನ್ ನಾಯಿಯನ್ನು ಮೇಲೆ ಬಿಡುವುದಿಲ್ಲ ಎಂದ. ಫೋನ್ ಮಾಡಿ ಅವಳನ್ನು ಕೆಳಗೆ ಕರೆಸಿದೆ. ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಿದ ಕಡೆ ನಾನು ನಾಯಿಯ ಹಗ್ಗ ಹಿಡಿದು ನಿಂತಿದ್ದೆ. ಅವಳು ಒದ್ದೆ ಕೂದಲಿನಲ್ಲಿ ಇಳಿದು ಬಂದಳು.

"ಮಾವ್ಶಿ! ಎಂತ ಆಯ್ತು? ಮೊದಲೇ ಹೇಳಿದ್ರೆ ನಾನೇ ಬರ್ತಿದ್ದೆ."

"ಇದರ ಹೆಸರೆಂತ?"

"ಎಂತದು?"

"ನಿನ್ನ ಅತ್ತೆ ಇದನ್ನು ಎಂತ ಹೇಳಿ ಕರೆಯುತ್ತಿದ್ದರು?"

ಅವಳು ಕೆಳಗೆ ನೋಡಿದಳು. ಆಮೇಲೆ ಬಗ್ಗಿ ನಾಯಿಯ ಕಿವಿಯ ಹತ್ತಿರ ಹೆಸರು ಹೇಳಿದಳು. ನಾನು ಎಷ್ಟು ಕೂಗಿದರೂ ತಿರುಗದಿದ್ದ ನಾಯಿ ತಲೆ ಎತ್ತಿತು. ಬಾಲ ನೆಲಕ್ಕೆ ಬಡಿಯಿತು. ಈಸ್ಟರಿನಿಂದ ಅದು ನಮ್ಮ ಮನೆಯಲ್ಲಿ ತನ್ನ ಹೆಸರಿಲ್ಲದೆ ಬದುಕಿತ್ತು. ಅಷ್ಟನ್ನೂ ಇವಳು ಮುಚ್ಚಿಟ್ಟಿದ್ದಳು.

"ಹಲ್ಲು ಯಾಕೆ ಉಜ್ಜಿಸಿದ್ದು?"

"ನೀವು ಹಲ್ಲು ನೋಡ್ತೀರಿ ಅಂತ ಗೊತ್ತಿತ್ತು."

"ನೀನು ದಲ್ಲಾಳಿಯಾದೆ."

ಅವಳಿಗೂ ಸಿಟ್ಟು ಬಂತು. "ನಿಜ ಹೇಳಿದ್ರೆ ಇಟ್ಕೊಳ್ತಿದ್ರಾ?"

"ಇಲ್ಲ."

"ಮತ್ತೆ ನಾನು ಎಂತ ಮಾಡ್ಬೇಕಿತ್ತು? ಅತ್ತೆಯ ಮನೆ ಬಾಡಿಗೆಗೆ ಕೊಟ್ಟಾಯ್ತು, ಬಾಡಿಗೆಯವರು ನಾಯಿ ಬೇಡ ಅಂದ್ರು. ಇಲ್ಲಿ ಗೇಟೇ ದಾಟಿಸುವುದಿಲ್ಲ. ಅದನ್ನು ರಸ್ತೆಯಲ್ಲಿ ಬಿಡ್ಬೇಕಿತ್ತಾ? ಸಾಯ್ಲಿಕ್ಕೆ?"

"ನನ್ನ ಹತ್ತಿರ ಕೇಳ್ಬೇಕಿತ್ತು."

"ಕೇಳಿದ್ರೆ ಇಲ್ಲ ಅಂತಿದ್ರಿ. ಈಗ ನೀವೇ ಹೇಳಿದ್ರಲ್ಲ!"

"ಹೌದು. ಇಲ್ಲ ಎನ್ನುವುದು ನನ್ನ ಮಾತು. ನಾನು ಅದನ್ನು ಹೇಳಿ ಆಮೇಲೆ ಒಂದು ವಾರ ನಿದ್ದೆ ಬಿಡ್ತಿದ್ದೆ, ನಿನಗೆ ಫೋನ್ ಮಾಡಿ ತಾ ಅಂತಿದ್ದೆನೋ ಏನೋ. ಅದು ನನಗೆ ಬಿಟ್ಟದ್ದು. ಆ ಮಾತನ್ನೇ ನೀನು ನನ್ನ ಬಾಯಿಯಿಂದ ಕದ್ದೆ. ಮೇಲಿಂದ ಪ್ರಾಯವನ್ನೂ ನನ್ನ ಬಾಯಿಯಿಂದಲೇ ಹೇಳಿಸಿದೆ. ಈ ಕಿವುಡನಿಗೆ ಸೊಕ್ಕು ಅಂತ ನಾನು ಹಿಡಿಸೂಡಿಯಲ್ಲಿ ಹೊಡೆದಿದ್ದೇನೆ, ಗೊತ್ತುಂಟಾ ನಿನಗೆ?"

ಅವಳು ಅಳತೊಡಗಿದಳು. ಅಳಲಿ ಎಂದು ನಿಂತೆ. ಅಷ್ಟರಲ್ಲಿ ಆಟೋದವನು ಗೇಟಿನಿಂದ, "ಬಾಯಮ್ಮ, ವೈಟಿಂಗ್ ಆಗ್ತಾ ಉಂಟು," ಎಂದು ಕೂಗಿದ. ವಾಚ್‌ಮನ್ ಅವನನ್ನು ಸುಮ್ಮನಿರಿಸಿದ. ಅವನಿಗೆ ನಮ್ಮ ಜಗಳ ಪೂರ್ತಿ ಬೇಕಿತ್ತು.

"ಇಲ್ಲೇ ಬಿಟ್ಟು ಹೋಗಿ ಮಾವ್ಶಿ," ಎಂದಳು ಕಣ್ಣೊರೆಸುತ್ತಾ. "ನಾನು ಏನಾದ್ರೂ ಮಾಡ್ತೇನೆ."

ಏನಾದರೂ ಎಂದರೆ ಏನು ಎಂದು ನನಗೆ ಗೊತ್ತು. ಒಂದು ಇಂಜೆಕ್ಷನ್. ಹಗ್ಗವನ್ನು ಕೈಗೆ ಸುತ್ತಿಕೊಂಡೆ.

"ನಾಯಿ ನನ್ನ ಹತ್ತಿರ ಇರ್ತದೆ. ಅದು ನನಗೆ ಮೋಸ ಮಾಡಿದ್ದಲ್ಲ. ಆದ್ರೆ ಹೊಂಡ ನಿನ್ನದು. ಆಳನ್ನು ತರ್ಬೇಡ, ದುಡ್ಡು ಕಳಿಸ್ಬೇಡ. ನಾನು ಫೋನ್ ಮಾಡಿದ ದಿನ ಬಂದು ನೀನೇ ಅಗೆಯಬೇಕು."

ಮನೆಗೆ ಬಂದ ಮೇಲೆ ನಾದಿನಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಮರುದಿನ ಸಂಜೆ ನೋಡುತ್ತೇನೆ, ಆ ಮೂಲೆಯ ಕೊಡೆ, ಗೆರಸೆ ತೆಗೆದು ಜಗಲಿಯ ಕುರ್ಚಿಯನ್ನು ಅಲ್ಲಿ ಇಟ್ಟಿದ್ದಾಳೆ. ಸತ್ತವರ ಕುರ್ಚಿ ನಮ್ಮ ಮನೆಯಲ್ಲಿ ಬೇಡ ಎಂದು ತೆಗೆದು ಹೊರಗಿಟ್ಟೆ. ಅದರ ಮರುದಿನ ಮತ್ತೆ ಇಟ್ಟಳು. ಬಿಟ್ಟೆ. ನಾಯಿ ನಮ್ಮ ಕೈಯಡಿಗೆ ಬಂದು, ಆಮೇಲೆ ಹೋಗಿ ಕುರ್ಚಿಯ ಕೈಗೆ ಗಲ್ಲ ತಾಗಿಸಿ ನಿಲ್ಲುತ್ತಿತ್ತು. ಸರಿಯಾಗಿ ಅದೇ ಎತ್ತರ.

ಮಾತ್ರೆಯನ್ನು ಬಂಗುಡೆಯ ಹೊಟ್ಟೆಯಲ್ಲಿಟ್ಟು ತಿನ್ನಿಸಿದೆ. ಶೆಡ್ತಿಗೂ ಸಾಹೇಬರಿಗೂ ನಿಜವಾದ ಪ್ರಾಯ ಹೇಳಿದೆ. ನಾಚಿಕೆಯಾಯಿತು, ಆದರೂ ಹೇಳಿದೆ. "ಜರ್ಮನ್ ಎಂದು ನಾನೂ ಹೇಳಿದ್ದೆ ಬಾಯಮ್ಮ, ಬಿಡಿ," ಎಂದರು ಸಾಹೇಬರು. ಬಿಡುವುದು ಅಷ್ಟು ಸುಲಭ ಇರಲಿಲ್ಲ. ಅವರ ತಪ್ಪು ಅವರದ್ದೇ. ನನ್ನ ತಪ್ಪನ್ನು ಇನ್ನೊಬ್ಬಳು ಕೂತು ತಯಾರು ಮಾಡಿದ್ದಳು.

ಕ್ರಿಸ್ಮಸ್ ಕಳೆಯಿತು. ಮಲ್ಲಿಗೆ ಗಿಡಗಳನ್ನು ಕತ್ತರಿಸಿ ಗೊಬ್ಬರ ಹಾಕುವ ಕೆಲಸ ನಡೆದಿತ್ತು. ಒಂದು ಬೆಳಿಗ್ಗೆ ಗೋಣಿಯ ಮೇಲೆ ಮಲಗಿದ್ದ ನಾಯಿ ಏಳಲಿಲ್ಲ. ಹೆಸರು ಹಿಡಿದು, ಕಿವಿಯ ಹತ್ತಿರ ಬಗ್ಗಿ ಕರೆದು ನೋಡಿದೆ. ಆಮೇಲೆ ಫೋನ್ ಮಾಡಿದೆ.

ಅವಳು ಬಂದಳು. ಆಫೀಸಿಗೆ ರಜೆ ಹಾಕಿ, ಒಬ್ಬಳೇ ಬಂದಳು. ಉಗುರಿಗೆ ಬಣ್ಣ ಹಚ್ಚಿದ ಕೈಗೆ ಪಿಕ್ಕಾಸು ಕೊಟ್ಟೆ, ಜಾಗ ತೋರಿಸಿದೆ. ಜಗಲಿಯಲ್ಲಿ ಕೂತು ನಾರು ಸೀಳುತ್ತಾ ನೋಡಿದೆ. ಒಂದು ಗೇಣು ಹೋದ ಮೇಲೆ ಕಲ್ಲು ಸಿಕ್ಕಿ ಪಿಕ್ಕಾಸು ಠಣ್ಣೆಂದಿತು. ಅವಳು ನನ್ನ ಕಡೆ ನೋಡಿದಳು.

"ಅಗೆ," ಎಂದೆ.

ನಾದಿನಿ ಎದ್ದಳು, ಸಹಾಯ ಮಾಡಲು. ಸೆರಗು ಹಿಡಿದು ಕೂರಿಸಿದೆ. ಮಧ್ಯಾಹ್ನ ದಾಟಿತು. ಅವಳ ಅಂಗೈ ಬೊಬ್ಬೆ ಎದ್ದು ಒಡೆಯಿತು. ಪೂರ್ತಿ ಅಗೆದಳು, ಅದನ್ನು ಒಪ್ಪಬೇಕು. ನಾಯಿಯನ್ನು ಗೋಣಿಯ ಸಮೇತ ಎತ್ತಿಕೊಂಡು ಹೋಗಿ ಇಳಿಸಿದ್ದೂ ಅವಳೇ. ಇಳಿಸುವಾಗ ಹೆಸರು ಹೇಳಿದಳು. ನಾನು ಮಣ್ಣು ಹಾಕಲಿಲ್ಲ.

ಸಂಜೆ ಗಂಟೆ ಹೊಡೆಯಿತು. ಮೂವರೂ ತೇರ್ಸಿಗೆ ಕೂತೆವು. ಮುಗಿದ ಮೇಲೆ ಅವಳು ಬಟ್ಟೆ ಸುತ್ತಿದ ಕೈ ಜೋಡಿಸಿ ನನ್ನ ಎದುರು ಬಂದಳು.

"ಬೆಸಾಂವ್ ದೀ ಮಾವ್ಶಿ."

ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಕೊಟ್ಟೆ. ದೇವರು ಆಶೀರ್ವಾದ ಮಾಡಲಿ ಎಂದೆ. ಆ ಮಾತು ಸುಳ್ಳಲ್ಲ. ಆದರೆ ನನ್ನ ಆಶೀರ್ವಾದ ಎಂದು ಅದರಲ್ಲಿ ಸೇರಿಸಲಿಲ್ಲ. ಅವಳಿಗೆ ಅದು ತಿಳಿಯಿತು. ನಾನು ಸಾಕಿದ ಹುಡುಗಿ, ಯಾವ ಮಾತು ಬಿಟ್ಟೆ ಎಂದು ಅವಳಿಗೆ ತಿಳಿಯದಿರುವುದಿಲ್ಲ.

ಈಗಲೂ ತಿಂಗಳಿಗೊಮ್ಮೆ ಬರುತ್ತಾಳೆ. ಗೋಡಂಬಿ ತರುತ್ತಾಳೆ, ಹಬ್ಬಕ್ಕೆ ಸೀರೆ ತರುತ್ತಾಳೆ. ಮೊದಲು ಅವಳು ತಂದದ್ದನ್ನು ಹಾಗೇ ಕಪಾಟಿನಲ್ಲಿ ಇಡುತ್ತಿದ್ದೆ, ಅವಳು ಹೋದ ಮೇಲೆ ಯಾವಾಗಲೋ ಬಿಚ್ಚುತ್ತಿದ್ದೆ. ಈಗ ಅವಳ ಎದುರೇ ಬಿಚ್ಚುತ್ತೇನೆ. ಗೋಡಂಬಿಯ ಪೊಟ್ಟಣ ಒಡೆದು ಅಡಿಯದ್ದನ್ನು ಮೇಲೆ ತಂದು ನೋಡುತ್ತೇನೆ. ಸೀರೆಯನ್ನು ಮಡಿಕೆ ಬಿಡಿಸಿ ತುದಿಯಿಂದ ಸೆರಗಿನವರೆಗೆ ಬೆಳಕಿಗೆ ಹಿಡಿಯುತ್ತೇನೆ. ಅವಳು ನೋಡುತ್ತಾ ನಿಲ್ಲುತ್ತಾಳೆ. ನಿಲ್ಲಲಿ.